ಪಾಟಿಚೀಲದಲ್ಲೊಂದು ಕೌದಿ ಚೂರು

ಜೂನ್ ನಡುವಿಗೆ ಮಹಾರಾಷ್ಟ್ರದ ಶಾಲೆಗಳು ತೆರೆಯುತ್ತವೆ. ಬೋರ್ ಘಾಟಿನ ಮೇಲಿರುವ ಲೋಣಾವಳಾದಲ್ಲಿ ಮಳೆ ಹಿಡಿಯುವುದೂ ಆಗಲೇ. ರೇನ್‌ಕೋಟು, ಬೂಟು, ಗಂಜಿ ಬಿಡದ ಯೂನಿಫಾರ್ಮು: ಬಾಲವಾಡಿಗೆ ಹೊರಟ ಮಗುವಿನ ಮೈಗೆ ತಾಕುವುದೆಲ್ಲ ಹೊಸದು, ಒರಟು. ಅಳದಿದ್ದರೇ ಆಶ್ಚರ್ಯ.

ಮೈಗೆ ಒಗ್ಗಿದ ಬಟ್ಟೆ ಮನೆಯಲ್ಲೇ ಉಳಿದಿರುತ್ತದೆ. ಮರಾಠಿ ಮನೆಯಲ್ಲಿ ಅದು ಗೋಧಡಿ, ಉತ್ತರ ಕರ್ನಾಟಕದಲ್ಲಿ ಕೌದಿ. ಹಳೆಯ ಸೀರೆ, ಧೋತರಗಳನ್ನು ಪದರುಪದರಾಗಿ ಹಾಸಿ ಕೈಹೊಲಿಗೆ ಹಾಕಿದ್ದು. ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರ ಕವಂದಿ ಇನ್ನೂ ಸೊಗಸು. ಅಂಚಿನಿಂದ ಹೊಲಿಯತೊಡಗಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೂ ಮಡಚಿ ಕೂರಿಸಿದ ದಪ್ಪ ತೇಪೆ, ಅದನ್ನೇ ಅವರು ‘ಹೂವು’ ಎನ್ನುತ್ತಾರೆ. ಕತ್ತಲಲ್ಲೂ ಬೆರಳಿಗೆ ಸಿಗುವಂಥದ್ದು.

ಇಂಥ ಮೆತ್ತನೆಯ ಸ್ಪರ್ಶ ಎಳೆಯ ಜೀವಕ್ಕೆ ಎಷ್ಟು ಬೇಕು ಎಂದು ತೋರಿಸಿದ್ದು ಅಮೆರಿಕದ ಮನೋವಿಜ್ಞಾನಿ ಹ್ಯಾರಿ ಹಾರ್ಲೊ 1958ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಯೋಗ. ತಾಯಿಯಿಂದ ಬೇರ್ಪಡಿಸಿದ ಕೋತಿಮರಿಗಳ ಮುಂದೆ ಎರಡು ಬೊಂಬೆ: ಒಂದು ಬರೀ ತಂತಿಯದು, ಇನ್ನೊಂದಕ್ಕೆ ಮೆತ್ತನೆಯ ಬಟ್ಟೆ. ಹಾಲು ತಂತಿಯ ಬೊಂಬೆಯಲ್ಲಿದ್ದರೂ ಮರಿಗಳು ಹೊತ್ತು ಕಳೆದದ್ದು ಬಟ್ಟೆಯದನ್ನು ತಬ್ಬಿಕೊಂಡೇ. (ಮರಿಗಳ ಮಟ್ಟಿಗೆ ಅದು ಕ್ರೂರ ಪ್ರಯೋಗವೇ.) ಅದಕ್ಕೂ ಮೊದಲು, 1951ರಲ್ಲಿ, ಲಂಡನ್ನಿನ ಮಕ್ಕಳ ವೈದ್ಯ ವಿನಿಕಾಟ್ ಹೇಳಿದ್ದರು: ಕಂಬಳಿಯ ಮೂಲೆಯೋ ಬಟ್ಟೆಚೂರೋ ಕೈಯಲ್ಲಿದ್ದರೆ ತಾಯಿ ದೂರವಿರುವ ಹೊತ್ತನ್ನು ಮಗು ತಾಳಿಕೊಳ್ಳುತ್ತದೆ. ಅದನ್ನು ಒಗೆದರೆ ಮಗುವಿಗೆ ನಂಟೇ ಕಡಿದಂತಾಗಬಹುದು ಎಂಬುದೂ ಅವರ ಮಾತು. ನಮ್ಮಲ್ಲೋ, ‘ಕೆಟ್ಟ ಚಟ’ ಎಂದು ಕಸಿದು ಅಟ್ಟಕ್ಕೆಸೆಯುವವರೇ ಹೆಚ್ಚು.

ಬಟ್ಟೆ ಮುಟ್ಟಿ ತಿಳಿಯುವುದು ಶಾಲೆಗೂ ಹೊರಗಿನದಲ್ಲ. 1939ರಲ್ಲಿ ಮದ್ರಾಸಿನ ಅಡಯಾರಿಗೆ ಬಂದ ಮಾರಿಯಾ ಮಾಂಟೆಸ್ಸೊರಿಯವರ ಪದ್ಧತಿಯಲ್ಲಿ ಬಟ್ಟೆಯ ಪೆಟ್ಟಿಗೆಯೇ ಉಂಟು. ರೇಷ್ಮೆ, ಹತ್ತಿ, ಉಣ್ಣೆಯ ಜೋಡಿ ಚೂರುಗಳನ್ನು ಮಗು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮುಟ್ಟಿಯೇ ಹೊಂದಿಸಬೇಕು. ಪೆಟ್ಟಿಗೆ ಕೊಳ್ಳಬೇಕಿಲ್ಲ, ಊರಿನ ದರ್ಜಿಯ ಅಂಗಡಿಯಲ್ಲಿ ಉಳಿದ ಚೂರುಗಳೇ ಸಾಕು.

ಮನೆಯಲ್ಲಿ ಮಾಡುವ ಕೆಲಸ ಇನ್ನೂ ಸುಲಭ. ಅಮ್ಮ ಉಟ್ಟು ಮೆತ್ತಗಾದ ಸೀರೆಯಿಂದ ಕರವಸ್ತ್ರದಷ್ಟು ಅಗಲದ ತುಂಡು ಕತ್ತರಿಸಿ, ಎರಡು ಪದರು ಮಾಡಿ, ಒಂದು ಮೂಲೆಗೆ ತೇಪೆ ಹಚ್ಚಿದರಾಯಿತು. ಗುಂಡಿ, ಮಣಿ, ಉದ್ದನೆಯ ದಾರ ಬೇಡ. ಬಾಯಿಗೆ ಹೋದೀತು, ಕುತ್ತಿಗೆಗೆ ಸುತ್ತೀತು. ಶಾಲೆ ಶುರುವಾಗುವ ಮುಂಚಿನಿಂದಲೇ ಮಗು ಅದನ್ನು ಹಿಡಿದು ಮಲಗಲಿ. ಲೋಣಾವಳಾದ ಮಳೆಗೆ ಬಟ್ಟೆ ಬೇಗ ಒಣಗದು, ಆದ್ದರಿಂದ ಎರಡು ತುಂಡುಗಳನ್ನು ಮೊದಲಿನಿಂದಲೇ ಸರದಿಯ ಮೇಲೆ ಬಳಸಿ. ಮತ್ತೆ, ಟೀಚರಿಗೆ ಒಂದು ಮಾತು ಹೇಳಿಡಿ: ಪಾಟಿಚೀಲದಲ್ಲಿರುವ ಆ ಚಿಂದಿ ಕಸವಲ್ಲ, ಮಗು ಕೇಳಿದಾಗ ಕೊಡಬೇಕಾದದ್ದು.