ಚಿಕ್ಕ ಕಾರು, ಚುರುಕು ಓಟ

ಕಳೆದ ರಜೆಯಲ್ಲಿ ಉಡುಪಿಯ ನಮ್ಮ ಮನೆಯ ಚಾವಡಿಯಲ್ಲಿ ಒಂದು ಚರ್ಚೆ ನಡೆಯಿತು. ಮಣಿಪಾಲದಲ್ಲಿ ಓದು ಮುಗಿಸಿ ಕೆಲಸಕ್ಕೆ ಸೇರಿದ ನನ್ನ ಅಣ್ಣನ ಮಗನಿಗೆ ಒಂದು ಕಾರು ಬೇಕಾಗಿತ್ತು. ಚಿಕ್ಕದಾಗಿರಬೇಕು, ಆದರೆ ಚುರುಕಾಗಿ ಓಡಬೇಕು. ಊರಿಗೆ ಬಂದಿದ್ದ ಇಬ್ಬರು ನೆಂಟರು ಸಲಹೆ ಕೊಡಲು ಕುಳಿತರು. ಜರ್ಮನಿಯಲ್ಲಿರುವ ಭಾವ, "ತಿರುವಿನಲ್ಲಿ ಹೇಳಿದ ಮಾತು ಕೇಳುವ ಕಾರು ತೆಗೆದುಕೊ" ಎಂದರು. ಅಮೆರಿಕದಲ್ಲಿ ನೆಲೆಸಿದ ನನ್ನ ತಮ್ಮ ನಕ್ಕುಬಿಟ್ಟ. "ಎಂತ ಮಾರಾಯ, ಎಂಜಿನ್ ದೊಡ್ಡದಿಲ್ಲದೆ ಓಟ ಎಲ್ಲಿಂದ ಬರಬೇಕು?" ಎಂದ.

ಇಬ್ಬರೂ ತಿಳಿದವರು, ನಿತ್ಯವೂ ಕಾರು ನಡೆಸುವವರು. ಆದರೂ ಇಷ್ಟು ಭಿನ್ನಾಭಿಪ್ರಾಯವೇಕೆ? ಈ ಭೇದದ ಮೂಲವನ್ನು ತುಸು ವಿಚಾರಿಸೋಣ.

ಮೊದಲು "ಚಿಕ್ಕದು" ಎಂಬ ಮಾತನ್ನೇ ನೋಡಿ. 1960ರ ಮಾದರಿಯಾಗಿ ಬಂದ ಫೋರ್ಡ್ ಫಾಲ್ಕನ್ ಅಮೆರಿಕನ್ನರ ಪಾಲಿಗೆ ಚಿಕ್ಕ ಕಾರು. ಅದರ ಉದ್ದ ಸುಮಾರು 15 ಅಡಿ! ನಮ್ಮಲ್ಲಿ ಮಂತ್ರಿಗಳನ್ನು ಹೊತ್ತು ತಿರುಗಿದ ಅಂಬಾಸಡರ್ ಕೂಡ ಸುಮಾರು 14 ಅಡಿಯಷ್ಟೇ. 1959ರಲ್ಲಿ ಇಂಗ್ಲೆಂಡಿನಲ್ಲಿ ಹೊರಟ ಮಿನಿ ಕಾರಾದರೋ ಬರಿಯ 10 ಅಡಿ.

ಈ ವ್ಯತ್ಯಾಸದ ಬೇರು 1956ನೆಯ ಇಸವಿಯಲ್ಲಿ ಚೆನ್ನಾಗಿ ಕಾಣುತ್ತದೆ. ಆ ವರ್ಷ ಸೂಯೆಜ್ ಕಾಲುವೆಯ ಬಿಕ್ಕಟ್ಟಿನಿಂದ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ರೇಷನ್ ಬಂತು. ಕಡಮೆ ಪೆಟ್ರೋಲಿನಲ್ಲಿ ನಾಲ್ವರನ್ನು ಒಯ್ಯುವ ಕಾರನ್ನು ರಚಿಸಿರೆಂದು ಅಲೆಕ್ ಇಸಿಗೋನಿಸ್ ಎಂಬ ಎಂಜಿನಿಯರರಿಗೆ ಹೇಳಲಾಯಿತು. ಅವರು ಎಂಜಿನನ್ನು ಅಡ್ಡಲಾಗಿ ಇರಿಸಿ, ಗಾಲಿಗಳನ್ನು ನಾಲ್ಕು ಮೂಲೆಗೆ ತಳ್ಳಿ, ಜನಕ್ಕೆ ಜಾಗ ಮಾಡಿಕೊಟ್ಟರು. ಅದೇ 1956ರಲ್ಲಿ ಅಮೆರಿಕದ ಸರಕಾರ ದೇಶದ ಉದ್ದಗಲಕ್ಕೂ ವಿಶಾಲ ಹೆದ್ದಾರಿಗಳನ್ನು ಹಾಸುವ ಕಾಯಿದೆ ಮಾಡಿತು. ಅಲ್ಲಿ ಪೆಟ್ರೋಲ್ ಅಗ್ಗ, ದಾರಿ ನೇರ. ಹೀಗಾಗಿ ಒಂದು ಕಡೆ ಇಕ್ಕಟ್ಟು, ಇನ್ನೊಂದು ಕಡೆ ಬಯಲು. ಎರಡೂ ಕಡೆಯ ಚಾಲಕರು ತಮ್ಮ ದಾರಿಗೆ ತಕ್ಕ ರುಚಿ ಬೆಳೆಸಿಕೊಂಡರು.

ಈ ಎರಡು ರುಚಿಗಳು 1964ರ ಮಾಂಟೆಕಾರ್ಲೊ ಸ್ಪರ್ಧೆಯಲ್ಲಿ ಮುಖಾಮುಖಿಯಾದವು. ಹಿಮ ಬಿದ್ದ ಬೆಟ್ಟದ ದಾರಿ; 1071 ಸಿ.ಸಿ.ಯ ಮಿನಿ ಕೂಪರ್ ಎಸ್ ಮೊದಲು, ದೊಡ್ಡ ವಿ-8 ಎಂಜಿನಿನ ಫಾಲ್ಕನ್ ಎರಡನೆಯದು. ಎಂಜಿನಿನ ಗಾತ್ರಕ್ಕೆ ತಕ್ಕಂತೆ ಅಂಕ ಕೂಡಿಸುವ ನಿಯಮ ಚಿಕ್ಕ ಕಾರಿಗೆ ನೆರವಾಯಿತು, ನಿಜ. ಆದರೂ ಅಷ್ಟು ಬಲಶಾಲಿಯ ಬೆನ್ನು ಹತ್ತಿದ್ದೇ ಯೂರೋಪಿನವರಿಗೆ ಹೆಮ್ಮೆಯಾಯಿತು. ಅದೇ ವರ್ಷ ಅಮೆರಿಕದಲ್ಲಿ ಫಾಲ್ಕನ್ನಿನ ಅಂಗಾಂಗಗಳ ಮೇಲೆಯೇ ಮಸ್ಟ್ಯಾಂಗ್ ಹುಟ್ಟಿ, ಒಂದು ವರ್ಷದಲ್ಲಿ 4 ಲಕ್ಷಕ್ಕಿಂತ ಹೆಚ್ಚು ಮಾರಾಟವಾಯಿತು.

ಮುಂದೆ 1976ರಲ್ಲಿ ಜರ್ಮನಿಯ ಗಾಲ್ಫ್ ಜಿ.ಟಿ.ಐ. ಬಂತು. 1600 ಸಿ.ಸಿ., 110 ಅಶ್ವಶಕ್ತಿ. ವಾರವೆಲ್ಲ ಮಕ್ಕಳನ್ನು ಶಾಲೆಗೆ ಬಿಟ್ಟು, ಸಾಮಾನು ತಂದು, ಭಾನುವಾರ ಬೆಟ್ಟದ ದಾರಿಯಲ್ಲಿ ಯಜಮಾನನ ಮನಸ್ಸನ್ನು ತಣಿಸುವ ಕಾರು. 5000 ಮಾರಾಟವಾದರೆ ಸಾಕೆಂದು ಲೆಕ್ಕ ಹಾಕಿದ್ದರು. ಆ ಮೊದಲ ಪೀಳಿಗೆಯೇ 4 ಲಕ್ಷ ದಾಟಿತು. ಅಮೆರಿಕಕ್ಕೆ ಅದು 1983ರ ಮಾದರಿಯಾಗಿ ತಡವಾಗಿ ಹೋಯಿತು. ಅಲ್ಲಿ ಬಹುಮಂದಿ ಚಿಕ್ಕ ಕಾರನ್ನು ಪೆಟ್ರೋಲ್ ತುಟ್ಟಿಯಾದಾಗ ಮಾಡುವ ಮಿತವ್ಯಯವೆಂದು ಬಗೆದವರು; ಅದನ್ನು ಓಟಕ್ಕಾಗಿ ಕೊಳ್ಳುವವರು ಹವ್ಯಾಸಿಗಳು ಮಾತ್ರ. 2022ರ ಮಾದರಿಯಿಂದ ಅಮೆರಿಕದಲ್ಲಿ ಸಾಧಾರಣ ಗಾಲ್ಫನ್ನೇ ನಿಲ್ಲಿಸಿ, ಚುರುಕಿನ ಬಗೆಗಳನ್ನಷ್ಟೇ ಉಳಿಸಿಕೊಂಡರು. ಯೂರೋಪಿನಲ್ಲಿ ಮನೆಮಂದಿಯ ಕಾರಾಗಿದ್ದದ್ದು ಅಲ್ಲಿ ಹವ್ಯಾಸಿಯ ಕಾರಾಯಿತು.

ಇನ್ನು ನಮ್ಮ ಮಾತು. ನಮ್ಮಲ್ಲಿ ಕಾರಿನ ಗಾತ್ರವನ್ನು ಬಹುಮಟ್ಟಿಗೆ ಗೊತ್ತುಮಾಡಿದ್ದು ಸುಂಕ. 2006ರ ಕೇಂದ್ರ ಮುಂಗಡಪತ್ರ 4 ಮೀಟರಿಗಿಂತ ಕಡಮೆ ಉದ್ದದ, ಚಿಕ್ಕ ಎಂಜಿನಿನ ಕಾರುಗಳ ಉತ್ಪಾದನಾ ಸುಂಕವನ್ನು ಇಳಿಸಿತು. ಜರ್ಮನಿಯ ಆ ಜಿ.ಟಿ.ಐ. 2025ರಲ್ಲಿ ಇಲ್ಲಿಗೆ ಹಡಗಿನಲ್ಲಿ ಬಂದಾಗ ಬೆಲೆ ಸುಮಾರು 53 ಲಕ್ಷ ರೂಪಾಯಿ. ಅಲ್ಲಿಯ ನಡುಮನೆಯ ಕಾರು ಇಲ್ಲಿ ಅರಮನೆಯ ಕಾರು!

ಚರ್ಚೆ ಮುಗಿಯದೆ, ಮರುದಿನ ಅಣ್ಣನ ಕಾರಿನಲ್ಲಿ ಎಲ್ಲರೂ ಹೊರಟೆವು. ಕಾರ್ಕಳದ ಗೊಮ್ಮಟನಿಗೆ ಕೈಮುಗಿದು, ಹೆಬ್ರಿಗೆ ಬಂದು, ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಿದೆವು. 14 ಹೇರ್‌ಪಿನ್ ತಿರುವುಗಳು. ಸ್ಟಿಯರಿಂಗ್ ಹಿಡಿದ ಭಾವನ ಮುಖ ಅರಳಿತು. "ಇಲ್ಲಿ ನಿನ್ನ ವಿ-8 ಏನು ಮಾಡೀತು?" ಎಂದು ತಮ್ಮನನ್ನು ಕೆಣಕಿದರು. ಸಂಜೆ ಕಾಪುವಿನ ದೀಪಸ್ತಂಭ ನೋಡಲೆಂದು ಹೆದ್ದಾರಿ 66 ಹಿಡಿದಾಗ ಸರದಿ ತಮ್ಮನದು. ನಾಲ್ಕು ಸಾಲಿನ ನೇರ ದಾರಿ, ಮುಳ್ಳು ನೂರರ ಹತ್ತಿರ. ಅಷ್ಟರಲ್ಲಿ ಎದುರಿನಿಂದ, ನಮ್ಮ ಸಾಲಿನಲ್ಲೇ, ಅಕ್ಕಿಮೂಟೆ ಇಟ್ಟುಕೊಂಡ ಒಂದು ಸ್ಕೂಟರು! ಬ್ರೇಕ್ ಕಿರಿಚಿತು. ಕೆಲವೇ ಅಡಿಗಳ ಅಂತರದಲ್ಲಿ ಕಾರು ನಿಂತಿತು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಹಿಂದೆ ಕುಳಿತಿದ್ದ ಅತ್ತಿಗೆ ಕೇಳಿದರು: "ಓಡುವುದರ ಮಾತು ಎರಡು ದಿನ ಆಯಿತು. ನಿಲ್ಲುವುದರ ಮಾತು ಯಾರೂ ಯಾಕೆ ಆಡುವುದಿಲ್ಲ?"

ಲೆಕ್ಕ ಅತ್ತಿಗೆಯ ಕಡೆಗಿದೆ. ಒಣ ರಸ್ತೆಯಲ್ಲಿ 60 ಕಿಲೋಮೀಟರ್ ವೇಗದ ಕಾರು ಬ್ರೇಕ್ ಹಿಡಿದ ಮೇಲೆ ಸುಮಾರು 20 ಮೀಟರಿನಲ್ಲಿ ನಿಂತರೆ, 120ರ ವೇಗದಲ್ಲಿ 40 ಸಾಲದು, 80 ಬೇಕು. ವೇಗ ಇಮ್ಮಡಿ, ದೂರ ನಾಲ್ಮಡಿ. ಕಾಲು ಬ್ರೇಕಿನ ಮೇಲೆ ಬೀಳುವ ಒಂದು ಸೆಕೆಂಡಿನಲ್ಲೇ ಮತ್ತೆ 33 ಮೀಟರು ಕಳೆದಿರುತ್ತದೆ. ಆಷಾಢದ ಮಳೆಯಲ್ಲಿ ಇನ್ನೂ ಹೆಚ್ಚು.

ಇದನ್ನು ನಮ್ಮ ಹುಡುಗರು ಅರಿಯದವರಲ್ಲ. ಮಣಿಪಾಲದ ತಾಂತ್ರಿಕ ವಿದ್ಯಾಲಯದ ವಿದ್ಯಾರ್ಥಿಗಳ ಫಾರ್ಮುಲಾ ಮಣಿಪಾಲ್ ತಂಡ ಒಬ್ಬರೇ ಕೂರುವ ಪುಟ್ಟ ಓಟದ ಕಾರುಗಳನ್ನು ತಾನೇ ಕಟ್ಟುತ್ತದೆ. 1981ರಲ್ಲಿ ಅಮೆರಿಕದಲ್ಲಿ ಮೊದಲಾಗಿ, 1998ರಲ್ಲಿ ಇಂಗ್ಲೆಂಡಿಗೆ ಹಬ್ಬಿದ ವಿದ್ಯಾರ್ಥಿ ಸ್ಪರ್ಧೆಗಳ ಪರಂಪರೆ ಅದು. ಆ ಸ್ಪರ್ಧೆಗಳಲ್ಲಿ ಒಂದು ಕಟ್ಟುಪಾಡಿದೆ: ಬ್ರೇಕಿನ ಪರೀಕ್ಷೆಯಲ್ಲಿ ತೇರ್ಗಡೆಯಾಗದ ಕಾರಿಗೆ ಓಟದ ಅಂಗಳಕ್ಕೆ ಪ್ರವೇಶವಿಲ್ಲ. ಬೇರೆ ವಿಷಯಗಳಲ್ಲಿ ಒಪ್ಪದ ಎರಡು ಖಂಡಗಳೂ ಇದೊಂದನ್ನು ಒಪ್ಪಿವೆ.

ನಿಮ್ಮ ಮನೆಯಲ್ಲೂ ಮಗನೋ ಮಗಳೋ ಇಂಥ ಕಾರು ಬೇಕೆಂದಾರು. ಬೇಡವೆನ್ನಬೇಡಿ; ಚುರುಕು ಕಾರಿನ ಆನಂದ ಸಾಚಾ ಆನಂದವೇ. ಆದರೆ ಅಶ್ವಶಕ್ತಿ ಎಷ್ಟೆಂದು ಕೇಳುವ ಮೊದಲು ಬ್ರೇಕು, ಟೈರು, ಸೀಟುಪಟ್ಟಿ, ಗಾಳಿಚೀಲಗಳನ್ನು ವಿಚಾರಿಸಿ. ನಮ್ಮದು ಘಾಟಿಯ ತಿರುವೂ ಹೆದ್ದಾರಿಯ ನೇರವೂ ಒಂದೇ ದಿನದಲ್ಲಿ ಎದುರಾಗುವ ಸೀಮೆ. ನಮ್ಮ ಹುಡುಗ ಕೊನೆಗೆ ಒಂದು ಸಾಧಾರಣ ಹ್ಯಾಚ್‌ಬ್ಯಾಕ್ ಕೊಂಡ. ಆರಿಸುವಾಗ ಅಂಗಡಿಗೆ ಜೊತೆಯಲ್ಲಿ ಹೋದವರು ಭಾವನೂ ಅಲ್ಲ, ತಮ್ಮನೂ ಅಲ್ಲ, ಅತ್ತಿಗೆ.