ಮತ್ತೆ ಬಸ್ಸು ಹತ್ತಿದೆ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಇದೇ ಶಾಲೆಯ ಕಬಡ್ಡಿ ತಂಡದಲ್ಲಿ ಆಡಿದವನು ನಾನು. ಆರು ವರ್ಷದ ಹಿಂದೆ ಬಸ್ಸಿನಲ್ಲಿ ಹೋಗುವಾಗ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಂಡಿತು, ಉಸಿರು ಕಟ್ಟಿದಂತಾಯಿತು. ಸತ್ತೇ ಹೋದೆ ಅಂದುಕೊಂಡೆ. ಇಸಿಜಿ ಸರಿಯಾಗಿಯೇ ಇತ್ತು. ಮತ್ತೆರಡು ಸಲ ಹಾಗಾದ ಮೇಲೆ ಬಸ್ಸು ಹತ್ತುವುದನ್ನೇ ಬಿಟ್ಟೆ. ನಾಚಿಕೆಯಿಂದ ಯಾರಿಗೂ ಹೇಳದೆ ಎರಡು ವರ್ಷ ಕಳೆದೆ.

ಕೊನೆಗೆ ವೈದ್ಯರು ಇದು ಪ್ಯಾನಿಕ್ ಅಟ್ಯಾಕ್ ಎಂದು ಹೇಳಿ ಆಪ್ತಸಮಾಲೋಚಕಿಯೊಬ್ಬರ ಬಳಿ ಕಳಿಸಿದರು. ಆಕೆ ಉಪದೇಶ ಮಾಡಲಿಲ್ಲ. ನನ್ನ ಮಾತು ಪೂರ್ತಿ ಕೇಳಿದರು. ‘ಎದೆ ಬಡಿತಕ್ಕೆ ಹೆದರುತ್ತೀರಿ, ಹೆದರಿದಷ್ಟೂ ಬಡಿತ ಏರುತ್ತದೆ. ಸಾಮಾನ್ಯವಾಗಿ ಹತ್ತು ನಿಮಿಷದಲ್ಲಿ ತುದಿ ಮುಟ್ಟಿ ತಾನೇ ಇಳಿಯುತ್ತದೆ’ ಎಂದರು. ನಿಧಾನವಾಗಿ ಉಸಿರು ಬಿಡುವುದನ್ನು ಕಲಿಸಿದರು. ಮೊದಲ ವಾರ ಒಂದು ಸ್ಟಾಪ್, ಮುಂದಿನ ವಾರ ಎರಡು. ಹೀಗೆ ಬಸ್ಸು ಹತ್ತಿಸಿದರು. ಈಗಲೂ ಒಮ್ಮೊಮ್ಮೆ ಎದೆ ಹೊಡೆದುಕೊಳ್ಳುತ್ತದೆ. ನಾನು ಇಳಿದು ಓಡುವುದಿಲ್ಲ. ಇಂದು ಇಲ್ಲಿಗೆ ಬಸ್ಸಿನಲ್ಲೇ ಬಂದೆ.

ಎದೆನೋವು ಬಂದರೆ ಮೊದಲು ವೈದ್ಯರಿಗೆ ತೋರಿಸಿ. ಹೃದಯ ಸರಿಯಿದೆ ಎಂದ ಮೇಲೂ ಭಯ ಬಿಡದಿದ್ದರೆ ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಪರೀಕ್ಷೆಯ ಹೊತ್ತಿಗೆ ಕೈ ನಡುಗುವ ಮಕ್ಕಳನ್ನು ‘ಪುಕ್ಕಲ’ ಎನ್ನಬೇಡಿ, ಹತ್ತಿರ ಕೂತು ಕೇಳಿ. ನಾನು ಕಳೆದುಕೊಂಡ ಎರಡು ವರ್ಷ ಅವರು ಕಳೆದುಕೊಳ್ಳುವುದು ಬೇಡ.