ಗಿಟಾರು ಮತ್ತು ನಮ್ಮ ಮನೆ

(ವಾರ್ಷಿಕೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಉರ್ದು, ಕನ್ನಡ ಕಲಿಸುವ ಮಾಸ್ತರನಿಗೆ "ನಿಮ್ಮ ಗಿಟಾರಿನ ಬಗ್ಗೆ ನಾಲ್ಕು ಮಾತು ಹೇಳಿ" ಎಂದು ಸಂಸ್ಥೆಯವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ನಮ್ಮ ಮನೆಯ ಟ್ರಂಕು. ಬಿ.ಎಡ್. ಓದುವಾಗ ಧಾರವಾಡದಲ್ಲಿ ಹಳೆಯ ಗಿಟಾರೊಂದನ್ನು ಕೊಂಡಿದ್ದೆ. ಗೋಕಾಕ ಫಾಲ್ಸ್‌ಗೆ ತಂದ ಮೇಲೆ ಅದನ್ನು ಗೋಣಿಚೀಲದಲ್ಲಿ ಸುತ್ತಿ ಟ್ರಂಕಿನ ಹಿಂದೆ ಬಚ್ಚಿಟ್ಟೆ. ನಮ್ಮ ಅಬ್ಬಾ ಗಿರಣಿಯಲ್ಲಿ ದುಡಿಯುತ್ತಿದ್ದವರು, ಐದು ಹೊತ್ತಿನ ನಮಾಜು ತಪ್ಪಿಸದವರು. ಮಾಸ್ತರನಾದವನು ತಂತಿ ಮೀಟುತ್ತ ಕೂಡುವುದು ಅವರಿಗೆ ಒಪ್ಪಿಗೆಯಾಗಲಾರದೆಂದು ನನಗೆ ಗೊತ್ತಿತ್ತು. ಮಳೆಗಾಲದಲ್ಲಿ ಜಲಪಾತದ ಕಡೆ ಹೋಗಿ ಬಾರಿಸುತ್ತಿದ್ದೆ. ಘಟಪ್ರಭೆ 52 ಮೀಟರ್ ಎತ್ತರದಿಂದ ಧುಮುಕುವ ಸದ್ದಿನಲ್ಲಿ ನನ್ನ ತಪ್ಪು ಸ್ವರಗಳು ನನಗೂ ಕೇಳುತ್ತಿರಲಿಲ್ಲ!

ಒಂದು ದಿನ ಸಿಕ್ಕಿಬೀಳುತ್ತೇನೆ, ಆಗ ಅಬ್ಬಾಗೆ ಹೇಳಲು ಉತ್ತರ ಬೇಕು ಎಂದು ಪುಸ್ತಕಗಳನ್ನು ಹುಡುಕತೊಡಗಿದೆ. ಹುಡುಕಿದಂತೆಲ್ಲ ಬೆರಗಾಯಿತು.

ಅರಬರ ವಾದ್ಯ 'ಊದ್'. ಯುರೋಪಿನ ಲ್ಯೂಟ್ ಎಂಬ ವಾದ್ಯಕ್ಕೆ ಹೆಸರು ಬಂದದ್ದೇ 'ಅಲ್ ಊದ್'ನಿಂದ. 9ನೆಯ ಶತಮಾನದಲ್ಲಿ ಬಗ್ದಾದಿನ ಕಡೆಯಿಂದ ಸ್ಪೇನಿನ ಕಾರ್ಡೋಬಾಕ್ಕೆ ಹೋದ ಜಿರ್ಯಾಬ್ ಎಂಬ ಸಂಗೀತಗಾರ ಊದ್‌ಗೆ ಐದನೆಯ ತಂತಿ ಸೇರಿಸಿದನೆಂದು ಹೇಳುತ್ತಾರೆ. ಅದೇ ಸ್ಪೇನಿನಲ್ಲಿ ಬಹುಕಾಲದ ನಂತರ, 19ನೆಯ ಶತಮಾನದಲ್ಲಿ, ಆಂಟೋನಿಯೊ ಡಿ ಟೊರೆಸ್ ಎಂಬ ಕುಶಲಕರ್ಮಿ ಗಿಟಾರಿಗೆ ಈಗಿನ ಆಕಾರ ಕೊಟ್ಟ.

ಅಷ್ಟು ದೂರವೇಕೆ? ನಮ್ಮ ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹ (ಆಳ್ವಿಕೆ 1580–1627) ದಖ್ಖನಿಯಲ್ಲಿ 'ಕಿತಾಬ್-ಎ-ನೌರಸ್' ಎಂಬ ಹಾಡುಗಳ ಗ್ರಂಥ ಬರೆದ. ಹಾಡುಗಳಿಗೆ ರಾಗಗಳನ್ನೂ ಸೂಚಿಸಿದ. ಅದರಲ್ಲಿ ಸರಸ್ವತಿಯ ಸ್ತುತಿಯಿದೆ, ಗುಲಬರ್ಗಾದ ಬಂದೇ ನವಾಜರ ಸ್ತುತಿಯೂ ಇದೆ. ತನ್ನ ತಂಬೂರಿಗೆ ಅವನು 'ಮೋತಿ ಖಾನ್' ಎಂದು ಹೆಸರಿಟ್ಟಿದ್ದ. ಅದೇ ವಿಜಾಪುರದ ಸೂಫಿಗಳು ಬೀಸುವ ಹೆಂಗಸರಿಗಾಗಿ 'ಚಕ್ಕಿನಾಮಾ', ನೂಲುವವರಿಗಾಗಿ 'ಚರಖಾನಾಮಾ' ರಚಿಸಿದರು. ಕಲ್ಲು ತಿರುಗಿದಂತೆ, ರಾಟೆ ತಿರುಗಿದಂತೆ ದೇವರ ಸ್ಮರಣೆಯೂ ನಡೆಯಲಿ ಎಂಬುದು ಅವರ ಆಶಯ. ಇದನ್ನು ಓದಿದಾಗ ಬೀಸುತ್ತ ಗುನುಗುತ್ತಿದ್ದ ದಾದಿ ನೆನಪಾದರು. ನೂಲಿನ ಗಿರಣಿಯನ್ನೇ ನಂಬಿದ ಊರಿನವನಾದ ನನಗೆ ಚರಖಾನಾಮಾ ಪರಕೀಯ ಅನ್ನಿಸೀತೇ?

ರೈಲು ಹತ್ತಿದರೆ ಮಿರಜು. ಅಲ್ಲಿ ಮುಸ್ಲಿಂ ಕುಶಲಕರ್ಮಿಗಳ ಮನೆತನಗಳು ತಲೆಮಾರುಗಳಿಂದ ಸೋರೆ ಬುರುಡೆಯಲ್ಲಿ ಸಿತಾರು, ತಂಬೂರಿ ಮಾಡುತ್ತಿವೆ. ಧಾರವಾಡದಲ್ಲಿ ರಹಿಮತ್ ಖಾನರು ಸಿತಾರಿನ ಪರಂಪರೆಯನ್ನೇ ಬೆಳೆಸಿದರು. 2007ರಲ್ಲಿ ತೀರಿಕೊಂಡ ಉಸ್ತಾದ್ ಬಾಲೇಖಾನರು ಅವರ ಮೊಮ್ಮಗ.

ಕೊನೆಗೆ ಒಂದು ದಿನ ಮನೆಗೆ ಸುಣ್ಣ ಹಚ್ಚುವಾಗ ಟ್ರಂಕು ಸರಿಸಿದರು. ಗಿಟಾರು ಹೊರಬಿತ್ತು. ಬಾದಶಹನಿಂದ ಬಾಲೇಖಾನರವರೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅಬ್ಬಾ ಸಮಾಧಾನದಿಂದ ಕೇಳಿ, "ಬಾದಶಹನ ಮಾತು ಇರಲಿ. ಒಳ್ಳೆಯದು ಅಂತ ನೀನು ನಂಬಿದ್ದರೆ ಗೋಣಿಚೀಲದಾಗ ಯಾಕೆ ಸುತ್ತಿದೆ?" ಎಂದರು.

ಯಾವ ಪುಸ್ತಕದಲ್ಲೂ ಇದಕ್ಕೆ ಉತ್ತರವಿರಲಿಲ್ಲ.

ಅಂದಿನಿಂದ ಗಿಟಾರು ಪಡಸಾಲೆಯ ಮೊಳೆಗೆ ಬಂತು. ಅಜಾನ್ ಆದರೆ ನನ್ನ ಕೈ ನಿಲ್ಲುತ್ತದೆ. ಅಬ್ಬಾ ಮಲಗಿದ್ದರೆ ಮುಟ್ಟುವುದಿಲ್ಲ. ವಾದ್ಯಗಳ ವಿಷಯದಲ್ಲಿ ಉಲಮಾಗಳಲ್ಲಿ ಭಿನ್ನಾಭಿಪ್ರಾಯಗಳಿವೆ. ಅದನ್ನು ತೀರ್ಮಾನಿಸುವ ಯೋಗ್ಯತೆ ನನಗಿಲ್ಲ. ಅಬ್ಬಾ ಇವತ್ತಿಗೂ ನನ್ನ ಮುಂದೆ ಕೂತು ಕೇಳಿಲ್ಲ. ಆದರೆ ಹೋದ ವರ್ಷ ತಂತಿಯೊಂದು ಹರಿದು ನಾಲ್ಕು ದಿನ ಮನೆ ಸುಮ್ಮನಿದ್ದಾಗ, "ತಂತಿ ಇನ್ನೂ ತರಲಿಲ್ಲೇನು?" ಎಂದು ಅವರೇ ಕೇಳಿದರು.

ವಿದ್ಯಾರ್ಥಿಗಳೇ, ನೀವೆಲ್ಲ ಗಿಟಾರು ಕಲಿಯಿರಿ ಎಂದು ನಾನು ಹೇಳುತ್ತಿಲ್ಲ. ನಿಮ್ಮಲ್ಲೂ ಒಬ್ಬೊಬ್ಬರಿಗೆ ಒಂದೊಂದು ಆಸೆಯಿರುತ್ತದೆ. ಚಿತ್ರವಿರಬಹುದು, ಆಟವಿರಬಹುದು, ದೂರದ ಊರಿನ ಕಾಲೇಜಿರಬಹುದು. ಅದರ ಚರಿತ್ರೆಯನ್ನು ಓದಿ ತಿಳಿಯಿರಿ, ಪಾಠ ಬಿಡದೆ ಅಭ್ಯಾಸ ಮಾಡಿರಿ. ಆದರೆ ತಂದೆ ತಾಯಿಗಳಿಂದ ಬಚ್ಚಿಡಬೇಡಿರಿ. ಪಾಲಕರಲ್ಲಿಯೂ ಒಂದು ವಿನಂತಿ: ಟ್ರಂಕಿನ ಹಿಂದೆ ಏನಾದರೂ ಸಿಕ್ಕರೆ ಬೈಯುವ ಮೊದಲು ಒಂದು ಪ್ರಶ್ನೆ ಕೇಳಿರಿ.